ಶಾಲೆಯ ಮೆಟ್ಟಿಲಲ್ಲಿ ತಂತಿಜಾಲಿಯ ಗಾಜು: ಉಳಿಸಬೇಕೋ, ಬದಲಿಸಬೇಕೋ?

ಪ್ರಶ್ನೆ: ಶಾಲಾಕಟ್ಟಡ_ಧಾರವಾಡ

ಎಲ್ಲರಿಗೂ ನಮಸ್ಕಾರ. 1980ರ ದಶಕದ ಶಾಲಾ ಕಟ್ಟಡ, ನೆಲಮಹಡಿಯ ಮೇಲೆ ಇನ್ನೆರಡು ಮಹಡಿ. ಮೂರು ಕಡೆ ಒಳಗೆ ತಂತಿಜಾಲಿ ಇರುವ ಗಾಜು ಇದೆ, ಅಂಗಡಿಯವರು ವೈರ್ ಗ್ಲಾಸ್ ಅನ್ನುತ್ತಾರಲ್ಲ, ಅದು. ಚೌಕುಳಿ ಜಾಲಿ, ಒಂದೊಂದು ಕಣ್ಣು ಸುಮಾರು ಅರ್ಧ ಇಂಚು.

ಒಂದನೆಯದು, ಮೆಟ್ಟಿಲ ಕೋಣೆಯ ಮರದ ಜೋಡಿ ಬಾಗಿಲು. ಪ್ರತಿ ಕದದಲ್ಲೂ 250 × 750 ಮಿ.ಮೀ. ನೋಟದ ಗಾಜು, ಅದರ ಕೆಳ ಅಂಚು ನೆಲದಿಂದ 900 ಮಿ.ಮೀ. ಮೇಲೆ. ಎರಡನೆಯದು, ಮೆಟ್ಟಿಲ ನಡುವಿನ ಕಟ್ಟೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಬ್ಬಿಣದ ಝಡ್ ಸೆಕ್ಷನ್ (Z ಆಕಾರದ ಪಟ್ಟಿ) ಕಿಟಕಿ. ಒಂದೊಂದು ಗಾಜು 600 × 900. ಗಾಜು ಕಟ್ಟೆಯ ನೆಲದಿಂದ 300 ಮಿ.ಮೀ. ಎತ್ತರದಲ್ಲೇ ಶುರುವಾಗುತ್ತದೆ. ಮೂರು ಗಾಜುಗಳು ಕೆಳಗಿನಿಂದ ಸೀಳಿವೆ, ಸೀಳಿನ ಬುಡದಲ್ಲಿ ಕಂದು ಕಲೆ ಇದೆ. ಮೂರನೆಯದು, ಮುಂದಿನ ಪೋರ್ಟಿಕೋ ಚಾವಣಿಯಲ್ಲಿ 600 × 1500ರ ನಾಲ್ಕು ತುಂಡು.

ಗುತ್ತಿಗೆದಾರರು ಒಬ್ಬರು "ಒಳಗೆ ತಂತಿ ಇದೆ, ಇದೇ ಸೇಫ್ಟಿ ಗ್ಲಾಸು, ಸೀಳಿದರೂ ಬೀಳುವುದಿಲ್ಲ, ಬಿಡಿ" ಅನ್ನುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ತೆಗೆದು 6 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಹಾಕೋಣ ಅನ್ನುತ್ತಾರೆ. ಯಾರ ಮಾತು ಸರಿ? ಮಕ್ಕಳು ಓಡಾಡುವ ಜಾಗ, ಆದ್ದರಿಂದ ಕಾರಣ ಸಮೇತ ಹೇಳಿದರೆ ಸಮಿತಿಯ ಮುಂದೆ ಇಡಲು ಅನುಕೂಲ.

---

ಉತ್ತರ 1: ಅಗ್ನಿ_ವಿನ್ಯಾಸ

ಇಬ್ಬರದೂ ಅರ್ಧ ಸರಿ, ಅರ್ಧ ಅಪಾಯ. ಆ ತಂತಿ ಇರುವುದು ಬೆಂಕಿಗಾಗಿ, ಮೈ ತಾಗುವುದಕ್ಕಾಗಿ ಅಲ್ಲ. ಇದೊಂದು ತಲೆಗೆ ಹೋದರೆ ಉಳಿದ ತೀರ್ಮಾನಗಳು ತಾವಾಗಿ ಬರುತ್ತವೆ.

ಬೆಂಕಿ ಬಿದ್ದಾಗ ಮಾಮೂಲಿ ಗಾಜು ಕೆಲವೇ ನಿಮಿಷದಲ್ಲಿ ಒಡೆದು ಕೆಳಗೆ ಸುರಿಯುತ್ತದೆ. ಬಾಗಿಲಲ್ಲಿ ತೂತು ಬಿದ್ದಂತಾಗಿ ಹೊಗೆ, ಜ್ವಾಲೆ ಎರಡೂ ಮೆಟ್ಟಿಲಿಗೆ ನುಗ್ಗುತ್ತವೆ. ತಂತಿ ಗಾಜೂ ಬಿಸಿಗೆ ಒಡೆಯುತ್ತದೆ, ಆದರೆ ಚೂರುಗಳನ್ನು ಜಾಲಿ ಹಿಡಿದುಕೊಂಡು ನಿಲ್ಲುತ್ತದೆ. ಗಾಜು ಮೆತ್ತಗಾಗಿ ಜೋತುಬೀಳುವ ತನಕ ತಡೆ ಉಳಿಯುತ್ತದೆ. ಅಮೆರಿಕದ ಫ್ರಾಂಕ್ ಶುಮನ್ ಇದಕ್ಕೆ 1892ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ದಶಕಗಳ ಕಾಲ, ಬೆಂಕಿಬಾಗಿಲಿಗೆ (ಬೆಂಕಿ, ಹೊಗೆ ಆಚೆ ಹೋಗದಂತೆ ತಡೆಯುವ ಬಾಗಿಲು) ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಿದ್ದ ಪಾರದರ್ಶಕ ಗಾಜು ಅಂದರೆ ಇದೇ ಆಗಿತ್ತು. ನಮ್ಮ ಹಳೆಯ ಕಟ್ಟಡಗಳಲ್ಲಿ ಇಷ್ಟೊಂದು ಕಾಣುವುದು ಅದಕ್ಕೇ.

ಈಗ ಬಲದ ಮಾತು. ತಂತಿ ಹಾಕಿದರೆ ಗಾಜು ಗಟ್ಟಿಯಾಗುತ್ತದೆ ಅನ್ನುವುದು ಆರ್‌ಸಿಸಿ ನೋಡಿದವರಿಗೆ ಸಹಜವಾಗಿ ಬರುವ ಭಾವನೆ. ನಡೆಯುವುದು ಅದರ ತದ್ವಿರುದ್ಧ. ಕರಗಿದ ಗಾಜನ್ನು ರೋಲರ್ ನಡುವೆ ಹಾಯಿಸುವಾಗ ಜಾಲಿಯನ್ನು ಒಳಗೆ ಸೇರಿಸುತ್ತಾರೆ. ಆರುವಾಗ ಉಕ್ಕು ಗಾಜಿಗಿಂತ ಹೆಚ್ಚು ಕುಗ್ಗುತ್ತದೆ: ಒಂದು ಡಿಗ್ರಿಗೆ ಉಕ್ಕಿನದು ಹತ್ತು ಲಕ್ಷಕ್ಕೆ ಸುಮಾರು 12 ಪಾಲು, ಗಾಜಿನದು ಸುಮಾರು 9. ಹಾಗಾಗಿ ತಂತಿಯ ಸುತ್ತ ಕಣ್ಣಿಗೆ ಕಾಣದ ಬಿರುಕುಗಳು ಉಳಿದುಬಿಡುತ್ತವೆ. ಕತ್ತರಿಸಿದ ಅಂಚಿನಲ್ಲಿ ಪ್ರತಿ ಅರ್ಧ ಇಂಚಿಗೆ ಒಂದು ತಂತಿಯ ತುದಿ, ಅಂದರೆ ಒಂದೊಂದು ದುರ್ಬಲ ಜಾಗ. ಅಷ್ಟೇ ದಪ್ಪದ ಮಾಮೂಲಿ ಗಾಜಿನ ಹೆಚ್ಚುಕಡಿಮೆ ಅರ್ಧ ಬಲವನ್ನಷ್ಟೇ ಇದಕ್ಕೆ ಲೆಕ್ಕ ಹಿಡಿಯಬೇಕು. ಇದನ್ನು ಟಫನ್ ಮಾಡಲೂ ಬರುವುದಿಲ್ಲ.

ಓಡಿ ಬಂದ ಹುಡುಗ ಬಾಗಿಲು ನೂಕಲು ಗಾಜಿನ ಮೇಲೆ ಅಂಗೈ ಇಟ್ಟ ಅಂದುಕೊಳ್ಳಿ. ಗಾಜು ಒಡೆದು ಕೈ ಆಚೆಗೆ ಹೋಗುತ್ತದೆ. ಹರಿದ ತಂತಿಯೂ ಚೂರುಗಳೂ ಮೊಳೆಗಳ ಬೇಲಿಯಂತೆ ಮುಂದಕ್ಕೆ ಬಾಗಿರುತ್ತವೆ. ಗಾಬರಿಯಿಂದ ಕೈ ಹಿಂದಕ್ಕೆಳೆದಾಗ ಮಣಿಕಟ್ಟಿನ ನರ, ರಕ್ತನಾಳ ಕೊಯ್ದುಹೋಗುತ್ತವೆ. ಚೂರು ಬೀಳದಂತೆ ಹಿಡಿಯುವ ಗುಣವೇ ಇಲ್ಲಿ ಶತ್ರು.

ಹಾಗಂತ ಬೆಂಕಿಬಾಗಿಲಿಗೆ ಮಾಮೂಲಿ ಟಫನ್ಡ್ ಹಾಕುವುದೂ ತಪ್ಪು. ಕಾದು ಒಡೆದರೆ ಇಡೀ ಗಾಜು ಕಾಳುಕಾಳಾಗಿ ಒಮ್ಮೆಲೇ ಸುರಿಯುತ್ತದೆ. ಮಾಮೂಲಿ ಲ್ಯಾಮಿನೇಟೆಡ್‌ನ ಎರಡು ಗಾಜುಗಳ ನಡುವಿನ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಕರಗಿ ತಾನೇ ಉರಿಯುತ್ತದೆ. ಆದ್ದರಿಂದ "ಎಲ್ಲಾ ಕಡೆ ಒಂದೇ ಗಾಜು" ಅನ್ನುವ ಕೊಟೇಶನ್ನನ್ನೇ ಪಕ್ಕಕ್ಕಿಡಿ. ನಿಮ್ಮ ಮೂರು ಜಾಗಗಳಿಗೆ ಮೂರು ಉತ್ತರ.

ಬಾಗಿಲಿಗೆ ಬೆಂಕಿ ತಡೆಯುವ ಗುಣವೂ ಬೇಕು, ಹೊಡೆತಕ್ಕೆ ಸುರಕ್ಷಿತವೂ ಆಗಿರಬೇಕು. ಕಿಟಕಿ ಹೊರಗೋಡೆಯಲ್ಲಿದ್ದು, ಎದುರಿಗೆ ಹತ್ತಿರದಲ್ಲಿ ಬೇರೆ ಕಟ್ಟಡವಾಗಲಿ, ಪಕ್ಕದಲ್ಲೇ ಹೊರಮೆಟ್ಟಿಲಾಗಲಿ ಇಲ್ಲದಿದ್ದರೆ ಬೆಂಕಿಯ ದರ್ಜೆ ಬೇಕಿಲ್ಲ, ಲ್ಯಾಮಿನೇಟೆಡ್ ಸಾಕು. ಅಲ್ಲಿ ಟಫನ್ಡ್ ಬೇಡ ಅನ್ನುವುದಕ್ಕೆ ಕಾರಣ ಬೇರೆ: 300 ಮಿ.ಮೀ. ಎತ್ತರದಲ್ಲಿ ಶುರುವಾಗುವ ಟಫನ್ಡ್ ಒಡೆದರೆ ಕಾಳು ಸುರಿದು ಖಾಲಿ ಕಿಂಡಿ ಉಳಿಯುತ್ತದೆ, ಮಗು ನೇರ ಹೊರಗೆ. ಲ್ಯಾಮಿನೇಟೆಡ್ ಒಡೆದರೂ ಹಾಳೆಯಂತೆ ಚೌಕಟ್ಟಿನಲ್ಲೇ ಇರುತ್ತದೆ. ಆದರೂ ಗಾಜನ್ನೇ ತಡೆಗೋಡೆಯೆಂದು ನಂಬಬೇಡಿ, ಒಳಬದಿಗೆ ಉಕ್ಕಿನ ಕಂಬಿ ಹಾಕಿಸಿ. ಕಂಬಿಗಳು ನೆಟ್ಟಗೆ ನಿಂತಿರಲಿ. ಅಡ್ಡಕಂಬಿ ಹಾಕಿದರೆ ಮಕ್ಕಳಿಗೆ ಅದೇ ಏಣಿ.

---

ಉತ್ತರ 2: ಗಾಜ್‌ಕೆಲಸ_ಹುಬ್ಬಳ್ಳಿ

ಸೀಳಿದ ಗಾಜಿನ ಕಾರಣ ಮೊದಲ ನೋಡ್ರಿ. ಇಲ್ಲಾಂದ್ರ ಹೊಸಾದೂ ಹಂಗ ಸೀಳತೈತಿ.

ಒಂದ ಕಡೆ ಪೆಟ್ಟು ಬಿದ್ದು ಅಲ್ಲಿಂದ ನಕ್ಷತ್ರದಂಗ ಗೆರಿ ಹೋಗಿದ್ರ, ಅದು ಹೊಡೆತ. ಅಂಚಿನಿಂದ ಕಾಟಕೋನದಾಗ ನೆಟ್ಟಗ ಹೊರಟು ಆಮ್ಯಾಲೆ ಸೊಟ್ಟ ತಿರುಗಿದ್ರ, ಬಿಸಿಲಿನ ಸೀಳು. ಕೆಳ ಅಂಚಿನ ತಂತಿ ತುದಿಯಿಂದ ಸಣ್ಣ ಸಣ್ಣ ಸೀಳು ಮ್ಯಾಲೆ ಹತ್ತಿ, ಬುಡದಾಗ ಕಂದು ಕಲಿ ಇದ್ರ ಅದು ಜಂಗಿನ ಕೆಲಸ. ನಿಮ್ಮದು ಮೂರನೇದು. ಹಳೇ ಪುಟ್ಟಿ ಒಣಗಿ ಬಿರುಕ ಬಿಟ್ಟಿರತೈತಿ, ಮಳಿ ನೀರು ಕೆಳಗ ಇಳದು ಝಡ್ ಸೆಕ್ಷನ್ನಿನ ಮೂಲ್ಯಾಗ ನಿಂದರತೈತಿ, ತಂತಿ ತುದಿ ಜಂಗ ಹಿಡದು ಉಬ್ಬತೈತಿ, ಗಾಜ ಒಡೀತೈತಿ. ಕಬ್ಬಿಣದ ಚೌಕಟ್ಟೂ ಜಂಗ ಹಿಡದು ಹೊಟ್ಟಿ ಬಿಟ್ಟಿದ್ರ ಅದೂ ಗಾಜ ಒತ್ತತೈತಿ. ಪಶ್ಚಿಮದ ಬಿಸಿಲು ಸೇರಿದ್ರಂತೂ ಕೇಳೋದ ಬ್ಯಾಡ.

ತೆಗೆಯೂ ಕ್ರಮ ಹಿಂಗ ಇರಲಿ:

ಗಾಜಿನ ಎರಡೂ ಮುಖಕ್ಕ ಅಗಲ ಟೇಪು ಅಡ್ಡಡ್ಡ ಹಚ್ಚರಿ. ಕೊಯ್ಯದಂಥ ಕೈಗವಸು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ ಬೇಕ. ಕೆಳಗ ಮೆಟ್ಟಲದಾಗ ಯಾರೂ ಅಡ್ಡಾಡಬಾರದು, ಸಾಲಿ ರಜಾ ಇದ್ದಾಗ ಮಾಡ್ರಿ. ಪುಟ್ಟಿ ತೆಗೆಯುವಾಗ ಕೆಳಗಿನಿಂದ ಸುರು ಮಾಡಿ, ಪಕ್ಕಕ್ಕ ಹೋಗಿ, ಮ್ಯಾಲಿನದು ಕಡೀಕ ತೆಗೀರಿ. ಗಾಜಿನ ತುಂಡು ಜಾಲಿಗೆ ಜೋತ ಬಿದ್ದಿದ್ರ ಕೈಲೆ ಜಗ್ಗಬ್ಯಾಡ್ರಿ, ಕಟಿಂಗ್ ಪ್ಲೇಯರ್‌ಲೆ ತಂತಿ ಕತ್ತರಿಸಿ ಇಳಸ್ರಿ. ಹಳೇ ಕಿಟಕಿಗೆ ಕೆಂಪ ಸೀಸದ ಬಣ್ಣ ಇರೂ ಸಾಧ್ಯತೆ ಐತಿ, ಒಣಾ ಉಜ್ಜಿ ಧೂಳ ಎಬ್ಬಸಬ್ಯಾಡ್ರಿ, ಒದ್ದಿ ಮಾಡಿ ಕೆರೀರಿ. ಬಾಗಲದ ಗಾಜಿನ ಸುತ್ತ ಬೆಳ್ಳನ ನಾರಿನ ಹಗ್ಗ ಅಥವಾ ಪಟ್ಟಿ ಕಂಡ್ರ ಅದು ಆಸ್ಬೆಸ್ಟಾಸ್ ಇರಬಹುದು. ಅಲ್ಲೇ ಕೆಲಸ ನಿಲ್ಲಿಸಿ ತಿಳದವರಿಗೆ ತೋರಸ್ರಿ.

ಹೊಸಾದು ಕೂಡಸುವಾಗ ಚೌಕಟ್ಟು ಕೆರದು, ಪ್ರೈಮರ್ ಹಚ್ಚಿ, ಪೂರ್ತಿ ಒಣಗಿದ ಮ್ಯಾಲೆ ಅಳತಿ ತಗೋರಿ. ಗಾಜು ಸುತ್ತಲೂ 3 ಮಿ.ಮೀ. ಕಮ್ಮಿ ಇರಬೇಕ: ಒಳ ಅಳತಿ 606 × 906 ಇದ್ರ ಗಾಜು 600 × 900. ಕಬ್ಬಿಣದ ಮ್ಯಾಲೆ ನೇರ ಇಡಬಾರದು. 600 ಅಗಲಕ್ಕ ಎರಡು ಸೆಟ್ಟಿಂಗ್ ಬ್ಲಾಕು (ಗಾಜಿನ ಕೆಳಗ ಇಡೂ ಸಣ್ಣ ತುಂಡು), ಎರಡೂ ಮೂಲಿಯಿಂದ 150 ಮಿ.ಮೀ. ಒಳಗ. ಲ್ಯಾಮಿನೇಟೆಡ್ 3+3 (3 ಮಿ.ಮೀ.ದ ಎರಡು ಗಾಜು) ತಗೊಂಡ್ರ 6.38 ಅಥವಾ 6.76 ಮಿ.ಮೀ. ದಪ್ಪ ಬರತೈತಿ, ಹಳೇ ಝಡ್ ಸೆಕ್ಷನ್ನಿಗೆ ಸಾಮಾನ್ಯವಾಗಿ ಕೂಡತೈತಿ. 5+5 ಅಂದ್ರ ಪುಟ್ಟಿಗೆ ಜಾಗಾನ ಉಳಿಯಂಗಿಲ್ಲ. ತೂಕದ ಚಿಂತಿ ಬ್ಯಾಡ, ಒಂದ ಗಾಜು 8 ಕಿಲೋ ಆಸುಪಾಸು.

ಇನ್ನೊಂದ ಮಾತು. ಲಿನ್ಸೀಡ್ ಎಣ್ಣಿ ಪುಟ್ಟಿ ಲ್ಯಾಮಿನೇಟೆಡ್‌ಗೆ ಹಚ್ಚಬ್ಯಾಡ್ರಿ. ಎಣ್ಣಿ ಒಳಗಿನ ಪದರಕ್ಕ ಇಳದು ಅಂಚು ಬಿಟ್ಟಕೋತೈತಿ. ಅಸಿಟಿಕ್ ವಾಸನಿ ಬರೂ ಸಿಲಿಕೋನೂ ಬ್ಯಾಡ, ನ್ಯೂಟ್ರಲ್ ಸಿಲಿಕೋನ್ ಕೇಳಿ ತಗೋರಿ.

---

ಉತ್ತರ 3: ಲೀಡ್ಸ್_ಕನ್ನಡಿಗ

ಸಮಿತಿಯ ಮುಂದೆ ಇಡಲು ಹೊರಗಿನ ನಿಯಮಗಳ ಚರಿತ್ರೆ ಉಪಯೋಗಕ್ಕೆ ಬರಬಹುದು.

ಅಮೆರಿಕದಲ್ಲಿ 1977ರ ಫೆಡರಲ್ ನಿಯಮ, 16 ಸಿಎಫ್‌ಆರ್ 1201, ಬಾಗಿಲ ಗಾಜು ಹೊಡೆತದ ಪರೀಕ್ಷೆ ಪಾಸಾಗಬೇಕು ಅಂದಿತು. ಸುಮಾರು 45 ಕಿಲೋ ತೂಕದ ಚೀಲವನ್ನು ತೂಗುಬಿಟ್ಟು ಗಾಜಿಗೆ ಬಡಿಸುವ ಪರೀಕ್ಷೆ ಅದು. ದೊಡ್ಡ ದರ್ಜೆಯಲ್ಲಿ ಚೀಲ 1.2 ಮೀಟರ್ ಎತ್ತರದಿಂದ ಬರುತ್ತದೆ. ಬೆಂಕಿಬಾಗಿಲಿಗೆ ಬೇರೆ ಅಗ್ಗದ ಗಾಜು ಇಲ್ಲ ಅನ್ನುವ ಕಾರಣಕ್ಕೆ ತಂತಿ ಗಾಜಿಗೆ ವಿನಾಯಿತಿ ಸಿಕ್ಕಿತು. ವಿನಾಯಿತಿ ಕೊಟ್ಟಿದ್ದು ಬದಲಿ ಇಲ್ಲವೆಂದು, ಜನ ಓದಿಕೊಂಡಿದ್ದು "ಇದು ಸುರಕ್ಷಿತ" ಎಂದು. ಶಾಲೆಗಳಲ್ಲಿ, ಆಟದ ಅಂಗಣಗಳಲ್ಲಿ ಕೈ ಕೊಯ್ದುಕೊಂಡ ಮಕ್ಕಳ ಪ್ರಕರಣಗಳು ಬಂದ ಮೇಲೆ 2003ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಶಾಲೆ ಮತ್ತು ಕ್ರೀಡಾ ಕಟ್ಟಡಗಳ ಅಪಾಯದ ಜಾಗಗಳಿಗೆ ಈ ವಿನಾಯಿತಿಯನ್ನು ತೆಗೆಯಿತು. 2006ರ ಆವೃತ್ತಿ ಎಲ್ಲ ಬಗೆಯ ಕಟ್ಟಡಗಳಿಗೂ ತೆಗೆಯಿತು. ಮೊದಲು ಶಾಲೆ, ಆಮೇಲೆ ಉಳಿದದ್ದು. ಆ ಕ್ರಮವೇ ನಿಮ್ಮ ಸಮಿತಿಗೆ ಹೇಳಬೇಕಾದ್ದನ್ನು ಹೇಳುತ್ತದೆ.

ಅಲ್ಲಿ ಅಳತೆಯ ಮಿತಿಯೂ ಇತ್ತು. ಬೆಂಕಿಯನ್ನು 60 ಮತ್ತು 90 ನಿಮಿಷ ತಡೆಯುವ ಬಾಗಿಲಲ್ಲಿ ಕಾಲು ಇಂಚಿನ ತಂತಿ ಗಾಜು 100 ಚದರ ಇಂಚು ಮೀರುವಂತಿಲ್ಲ, 45 ನಿಮಿಷದ್ದಕ್ಕೆ 1296 ಚದರ ಇಂಚು. ನಿಮ್ಮ 250 × 750 ಅಂದರೆ ಸುಮಾರು 290 ಚದರ ಇಂಚು. ಆ ಲೆಕ್ಕದಲ್ಲಿ ಒಂದು ಗಂಟೆಯ ಬಾಗಿಲಿಗೆ ಇದು ದೊಡ್ಡದು. ಮಿತಿ ಯಾಕೆಂದರೆ ತಂತಿ ಗಾಜು ಜ್ವಾಲೆ ತಡೆಯುತ್ತದೆ, ಶಾಖ ತಡೆಯುವುದಿಲ್ಲ. ಯುರೋಪಿನ ಭಾಷೆಯಲ್ಲಿ ಅದಕ್ಕೆ ಇ ದರ್ಜೆ (ಜ್ವಾಲೆ ತಡೆ) ಮಾತ್ರ, ಇಐ (ಶಾಖಕ್ಕೂ ತಡೆ) ಇಲ್ಲ. ಆಚೆ ಬೆಂಕಿ ಉರಿಯುತ್ತಿದ್ದರೆ ಈಚೆ ಗಾಜಿನ ಪಕ್ಕದಲ್ಲಿ ಹಾದುಹೋಗುವವರಿಗೆ ಮೈ ಸುಡುವಷ್ಟು ಝಳ ಬಡಿಯುತ್ತದೆ.

ಬ್ರಿಟನ್ನಿನಲ್ಲಿ ಬಾಗಿಲ ಗಾಜಿಗೆ ನೆಲದಿಂದ 1500 ಮಿ.ಮೀ.ವರೆಗೆ, ಬಾಗಿಲ ಅಂಚಿನಿಂದ 300 ಮಿ.ಮೀ. ಒಳಗಿನ ಪಕ್ಕದ ಗಾಜಿಗೂ ಅಷ್ಟೇ ಎತ್ತರಕ್ಕೆ, ಉಳಿದ ಗೋಡೆ, ಕಿಟಕಿಗಳಲ್ಲಿ 800 ಮಿ.ಮೀ.ವರೆಗೆ ಅಪಾಯದ ವಲಯ ಅನ್ನುತ್ತಾರೆ. ನಿಮ್ಮ ಬಾಗಿಲೂ ಕಿಟಕಿಯೂ ಅದರೊಳಗೇ ಬರುತ್ತವೆ. ಇಲ್ಲಿ ಬ್ರಿಟನ್ನಿನಲ್ಲಿ ದಪ್ಪ ತಂತಿಯ 'ಸೇಫ್ಟಿ' ತಂತಿ ಗಾಜು ಅಂತ ಬೇರೆಯೇ ಸಿಗುತ್ತದೆ, ಅದು ಹೊಡೆತದ ಪರೀಕ್ಷೆ ಪಾಸಾದದ್ದು, ಮೂಲೆಯಲ್ಲಿ ಅಳಿಯದ ಗುರುತಿರುತ್ತದೆ. ನೋಡಲು ಎರಡೂ ಒಂದೇ. ಗುರುತಿಲ್ಲದಿದ್ದರೆ ಮಾಮೂಲಿ ಎಂದೇ ಲೆಕ್ಕ.

---

ಶಾಲಾಕಟ್ಟಡ_ಧಾರವಾಡ

ಎಲ್ಲರಿಗೂ ತುಂಬಾ ಧನ್ಯವಾದ. ಮೂಲೆಗಳನ್ನೆಲ್ಲ ನೋಡಿದೆ, ಎಲ್ಲೂ ಗುರುತಿಲ್ಲ. ಬಾಗಿಲ ಮೇಲೂ ಬೆಂಕಿ ದರ್ಜೆಯ ಫಲಕವಿಲ್ಲ. ಎರಡು ಸಂಶಯ. ಬಾಗಿಲಲ್ಲಿ ಗಾಜು ಮಾತ್ರ ಬದಲಿಸಿದರೆ ಆಗುತ್ತದೆಯೇ? ಇರುವ ಗಾಜಿಗೇ ಸೇಫ್ಟಿ ಫಿಲ್ಮ್ ಅಂಟಿಸಿದರೆ ಖರ್ಚು ಕಡಿಮೆ ಅನ್ನುತ್ತಾರೆ, ಅದು ಹೇಗೆ? ಪೋರ್ಟಿಕೋ ಬಗ್ಗೆಯೂ ಹೇಳಿ.

---

ಉತ್ತರ 4: ಅಗ್ನಿ_ವಿನ್ಯಾಸ

ಬೆಂಕಿಬಾಗಿಲು ಅಂದರೆ ಕದ, ಚೌಕಟ್ಟು, ಗಾಜು, ಬೀಡಿಂಗ್ (ಗಾಜು ಹಿಡಿಯುವ ಪಟ್ಟಿ), ಹಿಂಜು, ಕ್ಲೋಸರ್ (ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ) ಎಲ್ಲ ಸೇರಿ ಒಟ್ಟಿಗೆ ಪರೀಕ್ಷೆಯಾದ ಒಂದು ಘಟಕ. ಫಲಕವೂ ಇಲ್ಲ, ಪರೀಕ್ಷಾ ವರದಿಯೂ ಇಲ್ಲ ಅಂದರೆ ಅದರಲ್ಲಿ ಎಷ್ಟೇ ದುಬಾರಿ ಗಾಜು ಕೂರಿಸಿದರೂ ಅದು ಬೆಂಕಿಬಾಗಿಲಾಗುವುದಿಲ್ಲ. ಮೆಟ್ಟಿಲ ಕೋಣೆಗೆ ರೇಟೆಡ್ (ಬೆಂಕಿ ದರ್ಜೆಯ) ಬಾಗಿಲು ಬೇಕೆಂದು ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಷರತ್ತಿನಲ್ಲಿದ್ದರೆ ಇಡೀ ಬಾಗಿಲ ಸೆಟ್ಟನ್ನೇ ಬದಲಿಸಿ. ಎಷ್ಟು ನಿಮಿಷ ಅನ್ನುವುದನ್ನು ಆ ಷರತ್ತಿನಿಂದಲೇ ತೆಗೆದುಕೊಳ್ಳಿ. ಮಾರುವವರಿಂದ ಬೆಂಕಿಬಾಗಿಲಿನ ಭಾರತೀಯ ಮಾನಕ ಐಎಸ್ 3614ರ ಪ್ರಕಾರದ ಪರೀಕ್ಷಾ ವರದಿ ಕೇಳಿ, ಅದರಲ್ಲಿರುವ ಗಾಜಿನ ಹೆಸರು, ದಪ್ಪ, ಗರಿಷ್ಠ ಅಳತೆಯನ್ನು ನಿಮ್ಮ ಆರ್ಡರ್ ಜೊತೆ ಹೋಲಿಸಿ. ವರದಿಯಲ್ಲಿ 200 × 300ರ ಗಾಜು ಇದ್ದು ನಿಮಗೆ 250 × 750 ಕೊಟ್ಟರೆ ಆ ವರದಿ ನಿಮ್ಮ ಬಾಗಿಲಿನದ್ದಲ್ಲ.

ಗಾಜಿನ ಆಯ್ಕೆಯಲ್ಲಿ ಮೂರು ದಾರಿ. ಬೆಂಕಿಗಾಗಿಯೇ ವಿಶೇಷವಾಗಿ ಟಫನ್ ಮಾಡಿದ ಗಾಜು ಹೊಡೆತಕ್ಕೂ ಒದಗುತ್ತದೆ, ಆದರೆ ಝಳ ತಡೆಯುವುದಿಲ್ಲ. ಸೆರಾಮಿಕ್ ಗಾಜು ಕಾದರೂ ಹಿಗ್ಗುವುದೇ ಇಲ್ಲ ಅನ್ನಬಹುದು, ಕಾದಾಗ ನೀರು ಬಿದ್ದರೂ ಒಡೆಯುವುದಿಲ್ಲ, ಆದರೆ ಬರಿಯದು ಹೊಡೆತಕ್ಕೆ ಸುಲಭವಾಗಿ ಒಡೆಯುತ್ತದೆ. ಫಿಲ್ಮ್ ಅಥವಾ ಲ್ಯಾಮಿನೇಶನ್ ಇರುವ ಬಗೆಯನ್ನೇ ಕೇಳಬೇಕು. ಮೂರನೆಯದು ಪದರಗಳ ನಡುವೆ ಉಬ್ಬುವ ಜೆಲ್ ಇರುವ ಇಐ ಗಾಜು. ಶಾಖವನ್ನೂ ತಡೆಯುವುದು ಇದೊಂದೇ. 30 ನಿಮಿಷದ್ದು ಸುಮಾರು 15 ಮಿ.ಮೀ. ದಪ್ಪ, ಚದರ ಮೀಟರಿಗೆ 35 ಕಿಲೋ ಹತ್ತಿರ. ಹಿಂಜುಗಳನ್ನು ಆ ತೂಕಕ್ಕೆ ಲೆಕ್ಕ ಹಾಕಬೇಕು. ಇದನ್ನು ಸೈಟಿನಲ್ಲಿ ಕತ್ತರಿಸುವಂತಿಲ್ಲ, ಅಂಚಿನ ಟೇಪು ಕೀಳುವಂತಿಲ್ಲ. ತೇವ ಹೊಕ್ಕರೆ ಹಾಲಿನಂತೆ ಮಸುಕಾಗುತ್ತದೆ. ಬಿಸಿಲು ಬೀಳುವ ಜಾಗಕ್ಕೆ ಅತಿನೇರಳೆ ತಡೆಯುವ ಬೇರೆ ದರ್ಜೆ ಇದೆ, ಜಾಗ ಹೇಳಿಯೇ ಆರ್ಡರ್ ಮಾಡಿ. ನಿಮ್ಮ ಸಣ್ಣ ನೋಟದ ಗಾಜಿಗೆ ಮೊದಲ ಎರಡರಲ್ಲಿ ಒಂದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಬಾಗಿಲ ಪಕ್ಕದಲ್ಲಿ ಆಳೆತ್ತರದ ಗಾಜಿನ ಗೋಡೆ ಇದ್ದಿದ್ದರೆ ಇಐ ಅನ್ನುತ್ತಿದ್ದೆ.

ಕೂರಿಸುವಾಗ ಆಗುವ ತಪ್ಪು ಒಂದೇ ತರಹದ್ದು: ರಬ್ಬರ್ ಅಥವಾ ಪಿವಿಸಿ ಗ್ಯಾಸ್ಕೆಟ್, ಅಲ್ಯುಮಿನಿಯಂ ಬೀಡಿಂಗ್, ಪಿನ್ ಮೊಳೆ. ಗ್ಯಾಸ್ಕೆಟ್ ಉರಿದುಹೋಗುತ್ತದೆ, ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಸಣ್ಣ ಮೊಳೆ ಸುಟ್ಟ ಮರದಿಂದ ಕಳಚುತ್ತದೆ. ಬೇಕಾದ್ದು ಸೆರಾಮಿಕ್ ನಾರಿನ ಅಥವಾ ಇಂಟ್ಯುಮೆಸೆಂಟ್ (ಕಾದರೆ ಉಬ್ಬುವ) ಟೇಪು, ಗಟ್ಟಿ ಮರದ ಅಥವಾ ಉಕ್ಕಿನ ಬೀಡಿಂಗ್, ಉರಿಯದ ಸೆಟ್ಟಿಂಗ್ ಬ್ಲಾಕ್, ಉಕ್ಕಿನ ಸ್ಕ್ರೂ. ಸ್ಕ್ರೂಗಳ ಉದ್ದ, ಅಂತರ, ಕೋನ ವರದಿಯಲ್ಲಿದ್ದ ಹಾಗೆಯೇ ಇರಲಿ.

ಫಿಲ್ಮ್ ವಿಷಯ. ಸೀಳಿದ ಗಾಜಿಗೆ ಅಂಟಿಸಿ ಪ್ರಯೋಜನವಿಲ್ಲ. ಸರಿಯಿರುವ ತಂತಿ ಗಾಜಿಗೆ ಪರೀಕ್ಷೆಯಾದ ಫಿಲ್ಮ್ ಹಾಕಿ ಹೊಡೆತದ ದರ್ಜೆ ಏರಿಸುವ ಪದ್ಧತಿ ಅಮೆರಿಕದಲ್ಲಿದೆ, ಆದರೆ ಅಲ್ಲಿ ಅದೇ ಫಿಲ್ಮ್ ಅದೇ ಗಾಜಿನ ಮೇಲೆ ಬೆಂಕಿ ಮತ್ತು ಹೊಡೆತ ಎರಡೂ ಪರೀಕ್ಷೆ ಪಾಸಾಗಿರಬೇಕು. ಅಂಥ ವರದಿ ತೋರಿಸದವರಿಂದ ತೆಗೆದುಕೊಳ್ಳಬೇಡಿ. ಸೂರ್ಯನ ಝಳ ತಡೆಯುವ ಬಣ್ಣದ ಫಿಲ್ಮನ್ನಂತೂ ಪಶ್ಚಿಮದ ತಂತಿ ಗಾಜಿಗೆ ಹಾಕಲೇಬಾರದು. ಗಾಜು ಶಾಖ ಹೀರಿ ನಡುಭಾಗ ಹಿಗ್ಗುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಇರುತ್ತದೆ, ಆ ಎಳೆತ ತಾಳುವ ಶಕ್ತಿ ಈ ಗಾಜಿನ ಅಂಚಿಗಿಲ್ಲ. ಕಪ್ಪು ಬಣ್ಣ ಬಳಿಯುವುದು, ನೋಟಿಸು ಅಂಟಿಸುವುದು, ಹಿಂದೆ ಬೀರು ಒತ್ತರಿಸಿ ಇಡುವುದು, ಎಲ್ಲದರ ಫಲವೂ ಅದೇ.

ಪೋರ್ಟಿಕೋದಲ್ಲಿ ತಂತಿ ಗಾಜು ಹಾಕಿದವರ ಯೋಚನೆ ಸರಿಯಾಗಿಯೇ ಇತ್ತು: ಒಡೆದರೂ ತಲೆ ಮೇಲೆ ಸುರಿಯಬಾರದು. ತುಕ್ಕು, ಸೀಳು ಇಲ್ಲದಿದ್ದರೆ ಆತುರವಿಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಕೆಳ ಅಂಚು ನೋಡಿಸಿ. ಬದಲಿಸುವುದಾದರೆ ಅಲ್ಲಿ ಬರಿಯ ಟಫನ್ಡ್ ಬೇಡ. ಒಳಗೆ ನಿಕ್ಕಲ್ ಸಲ್ಫೈಡ್ ಕಣವಿದ್ದರೆ ಯಾರೂ ಮುಟ್ಟದೆಯೇ ಒಂದು ದಿನ ಸಿಡಿಯುತ್ತದೆ, ಕಾಳುಗಳು ಗಡ್ಡೆಗಡ್ಡೆಯಾಗಿ ಬೀಳುತ್ತವೆ. ಹೀಟ್ ಸ್ಟ್ರೆಂಗ್ದನ್ಡ್ (ಟಫನ್ಡ್ ಗಾಜಿಗಿಂತ ಕಡಿಮೆ ಗಟ್ಟಿಗೊಳಿಸಿದ) ಗಾಜಿನ ಲ್ಯಾಮಿನೇಟೆಡ್ ಹಾಕಿಸಿ, ದಪ್ಪವನ್ನು ಗಾಳಿಯ ಒತ್ತಡ ಮತ್ತು ಆಧಾರಗಳ ಅಂತರ ನೋಡಿ ಎಂಜಿನಿಯರ್ ಹೇಳಲಿ. ಶುಚಿಮಾಡಲು ಯಾರೂ ಗಾಜಿನ ಮೇಲೆ ಕಾಲಿಡಬಾರದು, ತಂತಿ ಗಾಜಿನ ಮೇಲಂತೂ ಸರ್ವಥಾ ಕೂಡದು.

ಟೆಂಡರಿನಲ್ಲಿ ಬರಿಯ "ಸೇಫ್ಟಿ ಗ್ಲಾಸ್" ಎಂದು ಬರೆಯಬೇಡಿ. ಟಫನ್ಡ್, ಲ್ಯಾಮಿನೇಟೆಡ್ ಎರಡಕ್ಕೂ ಐಎಸ್ 2553 ಭಾಗ 1 ಎಂದೂ, ಹೊಡೆತದ ಜಾಗಗಳಿಗೆ ಐಎಸ್ 16231 ಭಾಗ 4 ಎಂದೂ ಬರೆಯಿರಿ. ತಂತಿ ಗಾಜಿನ ಮಾನಕ ಬೇರೆಯೇ, ಐಎಸ್ 5437. ಅದು ಚಿತ್ತಾರದ ಗಾಜು, ರೋಲ್ ಮಾಡಿದ ಗಾಜುಗಳ ಜೊತೆ ಬರುತ್ತದೆ, ಸೇಫ್ಟಿ ಗಾಜಿನ ಪಟ್ಟಿಯಲ್ಲಿ ಅಲ್ಲ. ಗುತ್ತಿಗೆದಾರರಿಗೆ ಇದೊಂದನ್ನು ತೋರಿಸಿದರೂ ಸಾಕು.

---

ಉತ್ತರ 5: ಗಾಜ್‌ಕೆಲಸ_ಹುಬ್ಬಳ್ಳಿ

ಪೋರ್ಟಿಕೋದಾಗ ಒಂದ ತುಂಡಷ್ಟ ತಂತಿ ಗಾಜು ಬದಲಿ ಮಾಡೂದಿದ್ರ ಕತ್ತರಿಸೂ ರೀತಿ ಹೇಳತೇನಿ, ಭಾಳ ಮಂದಿ ಇಲ್ಲೇ ಕೆಡಸತಾರ.

ನುಣುಪ ಮುಖದ ಮ್ಯಾಲೆ ಗೆರಿ ಹಾಕ್ರಿ, ಒಂದ ಸಲ, ಒಂದ ಒತ್ತಡದಾಗ. ಅದ ಗೆರಿ ಮ್ಯಾಲೆ ಎರಡನೇ ಸಲ ಕಟ್ಟರ್ ಓಡಿಸಿದ್ರ ಅಂಚು ಚಕ್ಕಿ ಏಳತೈತಿ. ಗೆರಿ ಮೇಜಿನ ಅಂಚಿಗೆ ಹೊಂದಿಸಿ ಕೆಳಗ ಒತ್ತರಿ, ಗಾಜು ಬಿಡತೈತಿ, ತಂತಿ ಹಿಡಕೊಂಡಿರತೈತಿ. ಆಮ್ಯಾಲೆ ತುಂಡನ್ನ ಮ್ಯಾಲೆ ಕೆಳಗ ಸಾವಕಾಶ ಮಡಚಿದ್ರ ತಂತಿ ತಾನ ಹರೀತೈತಿ. ತಿರುವಿ ಜಗ್ಗಬ್ಯಾಡ್ರಿ, ಎರಡೂ ಅಂಚು ಒಂದಕ್ಕೊಂದು ತಿಕ್ಕಿ ಚಕ್ಕಿ ಹಾರತಾವು. ಚಕ್ಕಿ ಎದ್ದ ಜಾಗಾನ ಮುಂದ ಸೀಳಿನ ಬುಡ. ಉಳದ ತಂತಿ ತುದಿ ಗಾಜಿನ ಸಮಕ್ಕ ಕತ್ತರಿಸಿ, ಅಂಚನ್ನ ನೀರ ಹಾಕಿ ಕಲ್ಲಿಲೆ ಉಜ್ಜರಿ. ಒಣಗಿದ ಮ್ಯಾಲೆ ಕೆಳ ಅಂಚಿಗೆ ಪೂರ್ತಿ, ಎರಡೂ ಪಕ್ಕಕ್ಕ ಕೆಳಗಿನ ಕಾಲು ಭಾಗದಷ್ಟು, ಜಂಗ ತಡಿಯೂ ಬಣ್ಣ ಹಚ್ಚರಿ. ಒಂದ ಮುಖ ಒರಟ ಇರೂ ಗಾಜಾದ್ರ ನುಣುಪ ಮುಖ ಮ್ಯಾಲೆ, ಮಳಿ ಬೀಳೂ ಕಡೆ ಇರಲಿ. ಕೆಳ ಅಂಚಿನಾಗ ನೀರು ಹೊರಗ ಹೋಗಾಕ ದಾರಿ ಬಿಡ್ರಿ, ಸಿಲಿಕೋನ್ ತುಂಬಿ ಪೂರ್ತಿ ಮುಚ್ಚಬ್ಯಾಡ್ರಿ.

ಮತ್ತ ಬಾಗಲಾ ಬರೂ ತನಕ ಮಕ್ಕಳ ಕೈ ಗಾಜಿಗೆ ಹೋಗದಂಗ, ಪ್ರತಿ ಕದಕ್ಕ ಎರಡೂ ಕಡೆ, ಗಾಜಿನ ಮುಂದ ಹಾಯೂ ಹಂಗ 1 ಮೀಟರ್ ಎತ್ತರದಾಗ ಉಕ್ಕಿನ ಅಡ್ಡ ಪೈಪು ಹಾಕಸ್ರಿ. ನೂಕೂ ಜಾಗಾ ಅದ ಆಕ್ಕತಿ. ಕಿಟಕಿಗೆ ಅಗ್ನಿ ವಿನ್ಯಾಸದ ಸರ್ ಹೇಳಿದ ಕಂಬೀನ ಮೊದಲ ಹಾಕ್ರಿ, ಗಾಜು ಆಮ್ಯಾಲೆ. ಎರಡೂ ಕೆಲಸ ವೆಲ್ಡರ್ ಒಬ್ಬಾಂವ ಒಂದೆರಡು ದಿನದಾಗ ಮುಗಸತಾನ.